ಈ ತಾರೀಕು ಹೇಳಿದವರು ಯಾರು? ಯೋಜನಾ ತಂತ್ರಾಂಶದ ದಿನಾಂಕಗಳ ಮೇಲಿನ ದೂರುಗಳನ್ನು ಕುರಿತು ಒಂದು ಟಿಪ್ಪಣಿ

ಪ್ರಾಜೆಕ್ಟ್ ಪ್ಲಾನ್ ನೋಡಿಕೊಳ್ಳುವವರ ಬಾಯಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಬರುತ್ತವೆ. ಒಂದು, “ನಾನು ಹಾಕಿದ ಡೇಟನ್ನ ಅದೇ ಬದಲಾಯಿಸಿಬಿಟ್ಟಿದೆ.” ಇನ್ನೊಂದು, “ಹಿಂದಿನ ಕೆಲಸ ಬೇಗ ಮುಗೀತು, ಆದ್ರೂ ಈ ಡೇಟ್ ಅಲ್ಲಾಡ್ತಿಲ್ಲ.” ತಾನಾಗಿ ಓಡುತ್ತದೆ ಎಂಬ ಸಿಟ್ಟು ಒಂದು ಕಡೆ, ಓಡಬೇಕಾದಾಗ ಓಡುವುದಿಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ತರಬೇತಿ ಕೊಡುವವರು ಎರಡಕ್ಕೂ ಒಂದೇ ಉತ್ತರ ಇಟ್ಟುಕೊಂಡಿರುತ್ತಾರೆ: ನಿಮಗೆ ತಂತ್ರಾಂಶ ಬಳಸಲು ಬರುವುದಿಲ್ಲ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಎರಡು ದೂರುಗಳ ಬೇರೂ ಒಂದೇ ಎಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ. ಕೋಶದಲ್ಲಿ ತಾರೀಕು ಕಾಣುತ್ತದೆ, ಆ ತಾರೀಕನ್ನು ಹೇಳಿದವರು ಯಾರೆಂಬುದು ಕಾಣುವುದಿಲ್ಲ.

ಆಧಾರವಾಗಿ ಮುಖ್ಯವಾಗಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ತಂತ್ರಾಂಶವನ್ನು ತೆಗೆದುಕೊಂಡಿದ್ದೇನೆ. 1984ರಲ್ಲಿ ಡಾಸ್ ಕಾಲದಲ್ಲಿ ಹೊರಬಂದ ಇದರ ಆವೃತ್ತಿಗಳ ಸಾಲು ಉದ್ದವಾಗಿದೆ. ಯಾವ ಆವೃತ್ತಿಯಲ್ಲಿ ದಿನಾಂಕಕ್ಕೆ ಯಾವ ಹೊಸ ಕೋಶ ಸೇರಿತು ಎಂದು ನೋಡುತ್ತ ಹೋದರೆ ಬಳಕೆದಾರರ ಒತ್ತಡ ಎಲ್ಲಿ ಬಿದ್ದಿತ್ತು ಎಂಬುದರ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಪ್ರತಿಯೊಂದು ಹೊಸ ಸೌಲಭ್ಯದ ಹಿಂದೆಯೂ ಒಂದು ದೂರು ಇತ್ತು ಎನ್ನಲಾಗದು, ಮಾರುಕಟ್ಟೆಯ ಪೈಪೋಟಿಯೂ ಇರುತ್ತದೆ. ಹೋಲಿಕೆಗೆ ಬೇಕಾದ ಕಡೆ ಪ್ರಿಮಾವೆರಾ ಎಂಬ ಇನ್ನೊಂದು ಯೋಜನಾ ತಂತ್ರಾಂಶವನ್ನು ನೋಡಿದ್ದೇನೆ.

ಗೊಂದಲದ ಬೇರು ಹಳೆಯದು. 1957ರ ಹೊತ್ತಿಗೆ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಕ್ರಿಟಿಕಲ್ ಪಾತ್ ವಿಧಾನವನ್ನು ರೂಪಿಸಿದರು. ಅದರಲ್ಲಿ ಮನುಷ್ಯ ಹೇಳಬೇಕಾದದ್ದು ಎರಡೇ: ಈ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ, ಯಾವುದರ ನಂತರ ಯಾವುದು. ತಾರೀಕು ಲೆಕ್ಕದ ಕೊನೆಯಲ್ಲಿ ಬರುವ ಫಲ. ಆದರೆ ಈ ಲೆಕ್ಕವನ್ನೇ ಹಾಕುವ ತಂತ್ರಾಂಶದ ಮುಂದೆ ಕೂರುವವರು ಬರುವುದು ಗೋಡೆಯ ಕ್ಯಾಲೆಂಡರ್ ಮತ್ತು ಎಕ್ಸೆಲ್ ಹಾಳೆಯ ಲೋಕದಿಂದ. ಅಲ್ಲಿ ತಾರೀಕು ಮೊದಲು ಬರುತ್ತದೆ. ಲಗ್ನಪತ್ರಿಕೆ ಬರೆಸಿದ ಮೇಲೆ ಛತ್ರ, ಅಡುಗೆಯವರು, ಜವಳಿ ಎಲ್ಲವನ್ನೂ ಮುಹೂರ್ತದಿಂದ ಹಿಂದಕ್ಕೆ ಎಣಿಸಿ ಹೊಂದಿಸುವ ಹಾಗೆ, ಕಚೇರಿಯಲ್ಲೂ ಗಿರಾಕಿಗೆ ಕೊಟ್ಟ ಮಾತಿನ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ತಂತ್ರಾಂಶಕ್ಕೆ ತಾರೀಕು ಉತ್ತರ, ಬಳಸುವವರಿಗೆ ಅದೇ ಪ್ರಶ್ನೆ. ಎರಡೂ ಒಂದೇ ಕೋಶದಲ್ಲಿ ಬಂದು ಕೂರುತ್ತವೆ.

ಇದರ ಪರಿಣಾಮ ಹೀಗೆ. ಪ್ರಾಜೆಕ್ಟ್‌ನ ‘ಸ್ಟಾರ್ಟ್’ ಕೋಶದಲ್ಲಿ ಯಾರಾದರೂ 15 ಜೂನ್ ಎಂದು ಟೈಪ್ ಮಾಡಿದರೆ, ತಂತ್ರಾಂಶ ಅದನ್ನು ಸುಮ್ಮನೆ ಬರೆದಿಟ್ಟುಕೊಳ್ಳುವುದಿಲ್ಲ. ‘ಇದಕ್ಕಿಂತ ಮೊದಲು ಶುರುಮಾಡಬಾರದು’ ಎಂಬ ನಿರ್ಬಂಧವನ್ನು ಆ ಕೆಲಸಕ್ಕೆ ಹಚ್ಚುತ್ತದೆ. ಕೆಲಸದ ಅವಧಿ ತೋರಿಸುವ ಗ್ಯಾಂಟ್ ಪಟ್ಟಿಯನ್ನು ಮೌಸಿನಿಂದ ಎಳೆದರೂ ಅಷ್ಟೇ. ಪಕ್ಕದ ಅಂಕಣದಲ್ಲಿ ಸಣ್ಣದೊಂದು ಕ್ಯಾಲೆಂಡರ್ ಚಿತ್ರ ಮೂಡುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ತಿಂಗಳಾದ ಮೇಲೆ ಹಿಂದಿನ ಕೆಲಸ ವಾರ ಮೊದಲೇ ಮುಗಿದರೂ ಇದು ಜೂನ್ 15ಕ್ಕೇ ಅಂಟಿಕೊಂಡಿರುತ್ತದೆ. ಹಿಂದಿನ ಕೆಲಸ ತಡವಾದರೆ ಮಾತ್ರ ಮುಂದಕ್ಕೆ ಜಾರುತ್ತದೆ. ಮೊದಲೇ ಹೇಳಿದ ಎರಡು ದೂರುಗಳೂ ಈ ಒಂದೇ ನಡೆಯಿಂದ ಹುಟ್ಟುತ್ತವೆ: ಬೇಗ ಮುಗಿದಾಗ ಅಲ್ಲಾಡದ ತಾರೀಕು, ತಡವಾದಾಗ ತಾನಾಗಿ ಓಡುವ ತಾರೀಕು. ಟೈಪ್ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ “ಸುಮಾರು ಆ ಹೊತ್ತಿಗೆ” ಎಂಬಷ್ಟೇ. ಅದನ್ನು ಹೇಳಲು ಕೋಶದಲ್ಲಿ ಜಾಗ ಇರಲಿಲ್ಲ.

ಜಾಗ ಸ್ವಲ್ಪ ಸ್ವಲ್ಪವಾಗಿ ಆಯಿತು. 2000ದ ಆವೃತ್ತಿಯಲ್ಲಿ ‘ಡೆಡ್‌ಲೈನ್’ ಎಂಬ ಬೇರೆಯೇ ಕೋಶ ಬಂತು. ಇಲ್ಲಿ ಬರೆದ ತಾರೀಕು ಕೆಲಸವನ್ನು ಆ ದಿನಕ್ಕೆ ಕಟ್ಟಿಹಾಕುವುದಿಲ್ಲ, ಮೀರಿದಾಗ ಎಚ್ಚರಿಕೆಯ ಗುರುತು ತೋರಿಸುತ್ತದೆ. ಕೊಟ್ಟ ಮಾತು ಒಂದು ಕಡೆ, ಲೆಕ್ಕ ಹೇಳುವ ದಿನ ಇನ್ನೊಂದು ಕಡೆ ಎಂದು ಮೊದಲ ಬಾರಿಗೆ ಬೇರ್ಪಟ್ಟದ್ದು ಇಲ್ಲಿ ಎಂದು ನನ್ನ ಓದು. 2010ರಲ್ಲಿ ಬಂದ ಬದಲಾವಣೆ ಇನ್ನೂ ದೊಡ್ಡದು. ‘ಕೈಯಾರೆ ಹೊಂದಿಸಿದ’ ಕೆಲಸ ಎಂಬ ಹೊಸ ಬಗೆಯನ್ನು ತಂದರು. ಅಂಥ ಕೆಲಸದ ತಾರೀಕನ್ನು ತಂತ್ರಾಂಶ ತಾನಾಗಿ ಕದಲಿಸುವುದಿಲ್ಲ. ಅಷ್ಟೇ ಅಲ್ಲ, ತಾರೀಕಿನ ಕೋಶದಲ್ಲಿ ಬರೀ ಮಾತನ್ನೂ ಬರೆಯಬಹುದು. “ಮಳೆ ನಿಂತ ಮೇಲೆ” ಎಂದೋ “ಹಬ್ಬ ಕಳೆದ ಮೇಲೆ ಹೇಳ್ತೀವಿ” ಎಂದೋ ಬರೆದರೂ ಅದು ಒಪ್ಪಿಕೊಳ್ಳುತ್ತದೆ.

ಶಾಸ್ತ್ರೀಯ ಯೋಜನಾಕಾರರು ಇದನ್ನು ಅಪಚಾರವೆಂದೇ ಬಗೆದರು. ಕ್ರಿಟಿಕಲ್ ಪಾತ್ ಲೆಕ್ಕ ನಿಂತಿರುವುದೇ ಕೆಲಸಗಳು ಒಂದನ್ನೊಂದು ತಳ್ಳುತ್ತವೆ ಎಂಬುದರ ಮೇಲೆ. ಕೈಯಾರೆ ಹೊಂದಿಸಿದ ಕೆಲಸ ಆ ಸರಪಳಿಯಲ್ಲಿ ಒಂದು ಕಲ್ಲು. ಅವರ ಆಕ್ಷೇಪ ಸರಿಯೇ. ಆದರೂ ಪಠ್ಯ ತುಂಬಿದ ಕೋಶ ಒಂದು ಪ್ರಾಮಾಣಿಕ ಕೆಲಸ ಮಾಡುತ್ತದೆ. ಗೊತ್ತಿಲ್ಲದ ತಾರೀಕಿಗೆ ಯಾವುದೋ ಒಂದು ದಿನವನ್ನು ತುಂಬಿ, ಗೊತ್ತಿರುವಂತೆ ನಟಿಸುವುದನ್ನು ಅದು ತಪ್ಪಿಸುತ್ತದೆ. ಇಲ್ಲಿ ಒಂದು ಕಾಕತಾಳೀಯವನ್ನು ಗುರುತಿಸಬೇಕು. ಅತಿ ಬೇಗ, ಅತಿ ತಡ, ಬಹುಶಃ ಎಂಬ ಮೂರು ಅಂದಾಜುಗಳನ್ನು ಕೂಡಿಸಿ ಲೆಕ್ಕ ಹಾಕುವ ಪರ್ಟ್ ಸಾಧನ ಹಿಂದಿನ ಆವೃತ್ತಿಗಳಲ್ಲಿತ್ತು. ಅಮೆರಿಕದ ನೌಕಾಪಡೆ 1958ರಲ್ಲಿ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ ವಿಧಾನ ಅದು. 2010ರ ಆವೃತ್ತಿಯಲ್ಲಿ ಆ ಸಾಧನ ಇಲ್ಲವಾಯಿತು. ಅನಿಶ್ಚಿತತೆಯನ್ನು ಅಂಕಿಯಲ್ಲಿ ಹೇಳುವ ದಾರಿ ಮುಚ್ಚಿದ ಆವೃತ್ತಿಯಲ್ಲೇ ಅದನ್ನು ಮಾತಿನಲ್ಲಿ ಹೇಳುವ ದಾರಿ ತೆರೆಯಿತು.

ಇಷ್ಟು ಹೊತ್ತು ಮಾತಾಡಿದ್ದು ಮುಂದಿನ ತಾರೀಕುಗಳ ಬಗ್ಗೆ. ನಿಜವಾದ ತೊಡಕು ಹಿಂದಿನ ತಾರೀಕುಗಳಲ್ಲಿದೆ. ಈ ಬಗ್ಗೆ ದೂರು ಕಡಿಮೆ, ಏಕೆಂದರೆ ಇಲ್ಲಿ ತಂತ್ರಾಂಶ ಮಾಡುವುದು ಕಣ್ಣಿಗೆ ಬೀಳುವುದಿಲ್ಲ. ಸೋಮವಾರದ ಸ್ಟೇಟಸ್ ಮೀಟಿಂಗಿನಲ್ಲಿ ಮ್ಯಾನೇಜರ್ ಕೇಳುವುದು “ಎಷ್ಟು ಪರ್ಸೆಂಟ್ ಆಯ್ತು?” ಎಂದು. “ಐವತ್ತು” ಎಂದರೆ ಪ್ಲಾನಿನಲ್ಲಿ 50 ಎಂದು ತುಂಬುತ್ತಾರೆ. ಆ ಕ್ಷಣದಲ್ಲಿ ತಂತ್ರಾಂಶ ಯಾರೂ ಕೇಳದ ಇನ್ನೊಂದು ಸಂಗತಿಯನ್ನೂ ಬರೆದುಕೊಳ್ಳುತ್ತದೆ: ಕೆಲಸ ನಿಜವಾಗಿ ಶುರುವಾದ ದಿನ, ಅಂದರೆ ‘ಆಕ್ಚುಯಲ್ ಸ್ಟಾರ್ಟ್’. ಅದನ್ನು ಎಲ್ಲಿಂದ ತರುತ್ತದೆ? ಪ್ಲಾನಿನಲ್ಲಿ ಶುರುವಾಗಬೇಕಿದ್ದ ದಿನದಿಂದಲೇ. 100 ಎಂದು ತುಂಬಿದರೆ ಮುಗಿಯಬೇಕಿದ್ದ ದಿನ ‘ನಿಜವಾಗಿ ಮುಗಿದ ದಿನ’ವಾಗಿ ದಾಖಲಾಗುತ್ತದೆ. ಮುಂದಿನ ತಿಂಗಳು ಮುಗಿಯಬೇಕಿದ್ದ ಕೆಲಸವನ್ನು ಇವತ್ತೇ ಮುಗಿಸಿ 100 ಹಾಕಿದರೆ, ಇನ್ನೂ ಬಾರದ ತಾರೀಕಿನಂದು ಕೆಲಸ ಮುಗಿದಿದೆ ಎಂದು ದಾಖಲೆ ಹೇಳುತ್ತದೆ.

ಎರಡು ವಾರ ತಡವಾಗಿ ಶುರುವಾದ ಕೆಲಸವೂ ಹೀಗೆ ಸಮಯಕ್ಕೆ ಸರಿಯಾಗಿ ಶುರುವಾದದ್ದಾಗುತ್ತದೆ. ಅರ್ಧ ಮುಗಿದ ಕೆಲಸದ ಉಳಿದರ್ಧ ನಿನ್ನೆ ಮೊನ್ನೆಯ ದಿನಗಳಲ್ಲೇ ಬಿದ್ದಿರುತ್ತದೆ, ಕಳೆದ ವಾರ ಮಾಡಬೇಕಿದ್ದ ಕೆಲಸವನ್ನು ಇನ್ನೂ ಕಳೆದ ವಾರದಲ್ಲೇ ಮಾಡಬಹುದು ಎನ್ನುವಂತೆ. ಅದನ್ನು ಎಬ್ಬಿಸಿ ಮುಂದಿನ ದಿನಗಳಿಗೆ ತರುವ ಆಜ್ಞೆ ತಂತ್ರಾಂಶದಲ್ಲಿದೆ, ಆದರೆ ಅದನ್ನು ನಾವಾಗಿಯೇ ಕೊಡಬೇಕು. ವರ್ಷ ಕಳೆದು “ಹಿಂದಿನ ಪ್ರಾಜೆಕ್ಟಿನಲ್ಲಿ ಟೆಸ್ಟಿಂಗ್‌ಗೆ ಎಷ್ಟು ದಿನ ಹಿಡಿದಿತ್ತು?” ಎಂದು ಕಡತ ತೆರೆದವರಿಗೆ ಸಿಗುವುದು ಹಿಡಿದ ದಿನವಲ್ಲ, ಹಿಡಿಯಬೇಕೆಂದು ಮೊದಲು ಬರೆದಿದ್ದ ದಿನ. ಕೆಲಸಕ್ಕೆ ಬೇಕಾಗುವ ಹೊತ್ತನ್ನು ಕಡಿಮೆ ಅಂದಾಜಿಸುವ ಮನುಷ್ಯಸ್ವಭಾವವನ್ನು ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ನಡೆಸಿದ ಅಧ್ಯಯನದಲ್ಲಿ ಪ್ರಬಂಧ ಮುಗಿಸಲು ವಿದ್ಯಾರ್ಥಿಗಳು ಹೇಳಿದ್ದ ಸರಾಸರಿ 33.9 ದಿನ, ಹಿಡಿದದ್ದು 55.5 ದಿನ. ಈ ಅಂತರ ಅಳೆಯಲು ಸಾಧ್ಯವಾದದ್ದು ಎರಡು ತಾರೀಕುಗಳನ್ನೂ ಬೇರೆ ಬೇರೆಯಾಗಿ ಬರೆದಿಟ್ಟದ್ದರಿಂದ. ಅದೇ ವಿದ್ಯಾರ್ಥಿಗಳ ಪ್ರಗತಿಯನ್ನು ಬರೀ ಪರ್ಸೆಂಟಿನಲ್ಲಿ ದಾಖಲಿಸಿದ್ದರೆ ಎಲ್ಲರೂ ಸರಾಸರಿ 33.9 ದಿನದಲ್ಲೇ ಮುಗಿಸಿದ್ದಾರೆ ಎಂದು ಕಡತ ಸಾಧಿಸುತ್ತಿತ್ತು.

ಪ್ರಿಮಾವೆರಾ ಪಿ6 ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ನಿಜವಾಗಿ ನಡೆದ ತಾರೀಕಿನ ಪಕ್ಕ ‘ಎ’ ಅಕ್ಷರವನ್ನೂ, ನಿರ್ಬಂಧದಿಂದ ಬಂದ ತಾರೀಕಿನ ಪಕ್ಕ ನಕ್ಷತ್ರದ ಗುರುತನ್ನೂ ಅದು ತೋರಿಸುತ್ತದೆ. ಹೇಳಿದವರು ಯಾರು ಎಂಬ ಪ್ರಶ್ನೆಗೆ ಇದು ಒಂದಕ್ಷರದ ಉತ್ತರ. ಅಮೆರಿಕದ ರಕ್ಷಣಾ ಗುತ್ತಿಗೆಗಳನ್ನು ನೋಡಿಕೊಳ್ಳುವ ಡಿಸಿಎಂಎ ಸಂಸ್ಥೆಯ 14 ಅಂಶಗಳ ತಪಾಸಣೆಯಲ್ಲೂ ‘ಅಸಿಂಧು ತಾರೀಕು’ ಎಂಬ ಒಂದು ಅಂಶವಿದೆ: ನಡೆದುಹೋದ ತಾರೀಕು ವರದಿಯ ದಿನದ ಮುಂದೆ ಇರಬಾರದು, ನಡೆಯಲಿರುವ ತಾರೀಕು ಹಿಂದೆ ಇರಬಾರದು. ಒಳ್ಳೆಯ ಜರಡಿ. ಆದರೆ ಗತಕಾಲದಲ್ಲೇ ಇದ್ದು, ಯಾರೂ ಹೇಳದೆ ತಾನೇ ತುಂಬಿಕೊಂಡ ತಾರೀಕು ಈ ಜರಡಿಯಿಂದ ಸಲೀಸಾಗಿ ಇಳಿದುಹೋಗುತ್ತದೆ.

ಬೇಸ್‌ಲೈನ್ ವಿಷಯವನ್ನು ಚಿಕ್ಕದಾಗಿ ನೋಡಬಹುದು. ಒಪ್ಪಿಗೆಯಾದ ಮೂಲ ಯೋಜನೆಯ ಪ್ರತಿ ಅದು. 2002ರ ಆವೃತ್ತಿಯಿಂದ ಒಂದರ ಬದಲು ಹನ್ನೊಂದು ಬೇಸ್‌ಲೈನ್‌ಗಳನ್ನು ಉಳಿಸಿಕೊಳ್ಳಬಹುದಾಯಿತು. ಹಾಗಿದ್ದೂ ಹಳೆಯದರ ಮೇಲೆಯೇ ಹೊಸದನ್ನು ಬರೆದು ತಡವನ್ನು ಸೊನ್ನೆಗೆ ತರುವ ಚಾಳಿ ನಿಂತಿಲ್ಲ. ಇಲ್ಲಿ ನಮ್ಮ ಕೇಂದ್ರ ಸರ್ಕಾರದ ರೂಢಿಯನ್ನು ಮೆಚ್ಚಬೇಕು. 150 ಕೋಟಿ ರೂಪಾಯಿ ಮೀರಿದ ಕೇಂದ್ರ ಯೋಜನೆಗಳ ಮೇಲೆ ನಿಗಾ ಇಡುವ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ, ತನ್ನ ವರದಿಗಳಲ್ಲಿ ಮೂಲ ತಾರೀಕು, ಪರಿಷ್ಕೃತ ತಾರೀಕು, ನಿರೀಕ್ಷಿತ ತಾರೀಕು ಎಂದು ಬೇರೆ ಬೇರೆ ಇಡುತ್ತಿತ್ತು. ಮೂಲ ತಾರೀಕಿನಿಂದ ಎಣಿಸಿದರೆ ಇಷ್ಟು ಯೋಜನೆಗಳು ತಡ, ಇತ್ತೀಚಿನ ತಾರೀಕಿನಿಂದ ಎಣಿಸಿದರೆ ತಡವಾದವುಗಳ ಸಂಖ್ಯೆ ಇಳಿಯುತ್ತದೆ ಎಂದು ವರದಿಯೇ ಬಾಯಿಬಿಟ್ಟು ಹೇಳುತ್ತಿತ್ತು. ಯೋಜನೆಗಳು ಅದರಿಂದ ಬೇಗ ಮುಗಿದವೆಂದಲ್ಲ. ಓದುವವನಿಗೆ ಯಾವ ಗೆರೆಯಿಂದ ಅಳತೆ ಎಂಬುದು ತಿಳಿಯುತ್ತಿತ್ತು.

ಇನ್ನು ಕ್ಯಾಲೆಂಡರಿನ ದೂರುಗಳು. ಇವು ಬಗೆಹರಿಯುವಂಥವು, ಹಾಗಾಗಿ ಬೇಗ ಮುಗಿಸುತ್ತೇನೆ. ಪ್ರಾಜೆಕ್ಟ್‌ನ ದಿನ ಬೆಳಿಗ್ಗೆ 8ಕ್ಕೆ ಶುರುವಾಗಿ ಸಂಜೆ 5ಕ್ಕೆ ಮುಗಿಯುತ್ತದೆ ಎಂಬುದು ಅದರ ಸಿದ್ಧ ಗ್ರಹಿಕೆ. ಕೆಲಸದ ಹೊತ್ತನ್ನು ಒಂದು ಕಡೆ ಬದಲಾಯಿಸಿ, ತಾರೀಕಿನ ಜೊತೆ ತಾನಾಗಿ ಸೇರುವ ವೇಳೆಯನ್ನು ಇನ್ನೊಂದು ಕಡೆ ಹಾಗೇ ಬಿಟ್ಟರೆ ಒಂದು ದಿನದ ಕೆಲಸ ಎರಡು ತಾರೀಕಿಗೆ ಹರಡಿಕೊಳ್ಳುತ್ತದೆ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಇದನ್ನು ಕ್ಯಾಲೆಂಡರಿಗೆ ಸೇರಿಸಿದ ಗಳಿಗೆಯಲ್ಲಿ ಯಾರೂ ಮುಟ್ಟದ ತಾರೀಕುಗಳೆಲ್ಲ ಕದಲುತ್ತವೆ. ದಿನಾಂಕವನ್ನು ಜಾಗತಿಕ ವೇಳೆಯಲ್ಲಿ ಸಂಗ್ರಹಿಸುವ ಜಾಲ ತಂತ್ರಾಂಶಗಳಲ್ಲಿ ಬೆಂಗಳೂರಿನ ಮಧ್ಯರಾತ್ರಿ ಎಂದರೆ ಹಿಂದಿನ ದಿನದ 18:30. ಕ್ಯಾಲಿಫೋರ್ನಿಯಾದ ಗಿರಾಕಿಗೆ ನಮ್ಮ ಡೆಡ್‌ಲೈನ್ ಒಂದು ದಿನ ಮೊದಲೇ ಕಾಣುವುದುಂಟು. ಅವರು ಅದರಿಂದ ಬೇಜಾರಾಗುವುದಿಲ್ಲ, ಅದು ಬೇರೆ ಮಾತು.

ಬಗೆಹರಿಯದ್ದು ‘ಮುಗಿದ ದಿನ’ ಎಂದರೆ ಯಾವುದು ಎಂಬ ಪ್ರಶ್ನೆ. ಬೆಂಗಳೂರಿನ ನಮ್ಮ ಮೆಟ್ರೋದ ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನದು, ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಜನ ಹತ್ತಿದ್ದು 11ರಂದು. ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ತಪಾಸಣೆ ನಡೆದದ್ದು ಅದಕ್ಕೂ ಮೊದಲು, ಜುಲೈನಲ್ಲಿ. ಹಳಿ ಹಾಕಿದ ಗುತ್ತಿಗೆದಾರನಿಗೆ ಕೆಲಸ ಮುಗಿದ ದಿನ ಇವಾವುದೂ ಅಲ್ಲ. ತಂತ್ರಾಂಶದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮೈಲಿಗಲ್ಲು ನೆಡಬಹುದು. ಒಂದೇ ಸಾಲಿನಲ್ಲಿ ‘ಫಿನಿಶ್’ ಎಂದು ಬರೆದವರು ಅವುಗಳಲ್ಲಿ ಒಂದನ್ನು ಆರಿಸಿ, ಯಾವುದೆಂದು ಹೇಳದೆ ಬಿಟ್ಟಿರುತ್ತಾರೆ.

ಹಳೆಯ ಪ್ರಾಜೆಕ್ಟ್ ಕಡತಗಳನ್ನು ಆಧಾರವಾಗಿ ಬಳಸುವ ಸಂಶೋಧಕರಿಗೆ ಒಂದು ಪರೀಕ್ಷೆ ಸೂಚಿಸುತ್ತೇನೆ. ಮುಗಿದ ಕೆಲಸಗಳಲ್ಲಿ ಎಷ್ಟರ ನಿಜ ಆರಂಭ ಮತ್ತು ನಿಜ ಮುಕ್ತಾಯ ಎರಡೂ ಬೇಸ್‌ಲೈನಿಗೆ ನಿಮಿಷ ತಪ್ಪದೆ ಸರಿಹೊಂದುತ್ತವೆ ಎಂದು ಮೊದಲು ಎಣಿಸಬೇಕು. ಆ ಪಾಲು ಹೆಚ್ಚಿದ್ದಷ್ಟೂ ದಾಖಲೆಯನ್ನು ಬರೆದದ್ದು ಮನುಷ್ಯರಲ್ಲ, ಪರ್ಸೆಂಟಿನ ಕೋಶ ಎಂಬ ಸಂಶಯ ಬಲವಾಗುತ್ತದೆ. 8 ಗಂಟೆ, 5 ಗಂಟೆ ಎಂಬ ವೇಳೆಯನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರಬಾರದು. ಕೈಯಿಂದ ತಾರೀಕು ತುಂಬಿ ವೇಳೆ ಬಿಟ್ಟರೂ ಅದೇ ವೇಳೆ ಬಂದು ಕೂರುತ್ತದೆ. ಬೇಸ್‌ಲೈನ್ ಯಾವಾಗ ಉಳಿಸಿದ್ದು ಎಂಬುದನ್ನೂ ನೋಡಬೇಕು. ಕೆಲಸ ಮುಗಿದ ಮೇಲೆ ಉಳಿಸಿದ್ದಾದರೆ ಎರಡೂ ಹೊಂದುವುದು ಸಹಜ, ಆ ಕಡತದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ. ಅಂಥ ಕಡತಗಳಿಗೆ ಮೀಟಿಂಗಿನ ಟಿಪ್ಪಣಿ, ಇಮೇಲ್, ಬಿಲ್ಲಿನ ತಾರೀಕುಗಳ ಜೊತೆ ತಾಳೆ ನೋಡುವುದೊಂದೇ ದಾರಿ.