ಪಿಎಚ್‌ಪಿ ಟೆಸ್ಟ್ ಕೋಡ್‌ನಲ್ಲಿ ಟೈಪ್ ತಪಾಸಣೆ

ಫಂಕ್ಷನ್ ಪೂರ್ಣಾಂಕ ಕೇಳಿದರೆ ಸ್ಟ್ರಿಂಗ್ ಕೊಡುವಂಥ ತಪ್ಪನ್ನು ಟೆಸ್ಟ್ ಕೋಡ್‌ನಲ್ಲೇ ಹಿಡಿಯುವ ಅನುಕೂಲ ಪಿಎಚ್‌ಪಿಗೆ ತಡವಾಗಿ ಬಂತು. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ ಬೆಳೆದದ್ದು ವೆಬ್ ಫಾರಂಗಳ ನಡುವೆ. ಫಾರಂನಿಂದ ಬರುವುದೆಲ್ಲ ಸ್ಟ್ರಿಂಗ್. ಹಾಗಾಗಿ ಅಂಕಿಯಂತೆ ಕಾಣುವ ಸ್ಟ್ರಿಂಗನ್ನು ಅದು ಸದ್ದಿಲ್ಲದೆ ಅಂಕಿಯಾಗಿಸಿಕೊಳ್ಳುತ್ತಿತ್ತು.

2004ರ 5.0 ಆವೃತ್ತಿಯಲ್ಲಿ ಆರ್ಗ್ಯುಮೆಂಟ್‌ಗೆ ಕ್ಲಾಸ್ ಹೆಸರು ಸೂಚಿಸುವ ಅವಕಾಶ ಬಂತು, ಮರುವರ್ಷ ಅರೇ ಸೇರಿತು. ಪೂರ್ಣಾಂಕ, ಸ್ಟ್ರಿಂಗ್‌ಗಳಿಗೆ 2015ರ ಡಿಸೆಂಬರಿನ 7.0ವರೆಗೆ ಕಾಯಬೇಕಾಯಿತು. ಟೈಪ್ ಕಟ್ಟುನಿಟ್ಟಾಗಿ ಹೊಂದಲೇಬೇಕೆನ್ನುವ ‘ಸ್ಟ್ರಿಕ್ಟ್ ಟೈಪ್ಸ್’ ಘೋಷಣೆಯೂ ಅದರೊಂದಿಗೇ ಬಂತು.

ಟೆಸ್ಟ್ ಬರೆಯುವವರು ಎಡವುವುದು ಈ ಘೋಷಣೆಯಲ್ಲೇ. ಫಂಕ್ಷನ್ ಇರುವ ಫೈಲ್ ಯಾವುದೆಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಅದನ್ನು ಕರೆಯುವ ಫೈಲಿನಲ್ಲಿ ಘೋಷಣೆ ಇರಬೇಕು. ಪಿನ್ ಕೋಡನ್ನು ಪೂರ್ಣಾಂಕವಾಗಿ ಪಡೆಯುವ ಫಂಕ್ಷನ್ ಒಂದಿದೆ ಎನ್ನಿ. ಘೋಷಣೆಯಿಲ್ಲದ ಟೆಸ್ಟ್ ಫೈಲಿನಿಂದ ಬೀದರದ ‘585401’ ಸ್ಟ್ರಿಂಗ್ ಆಗಿ ಹೋದರೂ ಟೆಸ್ಟ್ ಪಾಸಾಗುತ್ತದೆ. ಘೋಷಣೆಯಿರುವ ಅಸಲಿ ಫೈಲಿನಿಂದ ಅದೇ ಸ್ಟ್ರಿಂಗ್ ಹೋದರೆ ಟೈಪ್‌ಎರರ್! ಭಾಲ್ಕಿಯ ಪಿನ್ ಕೋಡನ್ನು ಕನ್ನಡ ಅಂಕಿಗಳಲ್ಲಿ ‘೫೮೫೩೨೮’ ಎಂದು ಕೊಟ್ಟರೆ ಘೋಷಣೆಯಿಲ್ಲದಿದ್ದರೂ ಟೈಪ್‌ಎರರ್ ಬರುತ್ತದೆ; ಕನ್ನಡ ಅಂಕಿಗಳು ಪಿಎಚ್‌ಪಿಗೆ ಬರೀ ಅಕ್ಷರಗಳು. ಕನ್ನಡದ ಫಾರಂಗಳಿಗೆ ಟೆಸ್ಟ್ ಬರೆಯುವವರು ಈ ಎರಡನ್ನೂ ಬಿಡದೆ ಪರೀಕ್ಷಿಸಬೇಕು.

ಸೆಬಾಸ್ಟಿಯನ್ ಬರ್ಗ್‌ಮನ್ ರೂಪಿಸಿದ ಪಿಎಚ್‌ಪಿಯುನಿಟ್ ಎಂಬ ಟೆಸ್ಟ್ ಸಾಧನದಲ್ಲೂ ಈ ಸಡಿಲತೆ ಉಳಿದಿದೆ. ‘ಅಸರ್ಟ್‌ಈಕ್ವಲ್ಸ್’ಗೆ 585401 ಅಂಕಿಯೂ ಒಂದೇ, ಸ್ಟ್ರಿಂಗೂ ಒಂದೇ. ಟೈಪನ್ನೂ ಹೋಲಿಸುವುದು ‘ಅಸರ್ಟ್‌ಸೇಮ್’. ಟೆಸ್ಟ್‌ನಲ್ಲಿ ಅಸಲಿ ವಸ್ತುವಿನ ಬದಲು ನಿಲ್ಲುವ ಮಾಕ್ ವಸ್ತುವಿಗೆ ಇಂಥ ಆರ್ಗ್ಯುಮೆಂಟ್ ಬರಬೇಕೆಂದು ‘ವಿತ್’ ಮೂಲಕ ಹೇಳಿದರೂ ಆಗುವುದು ಸಡಿಲ ಹೋಲಿಕೆಯೇ.

ಕೋಡನ್ನು ಓಡಿಸದೆಯೇ ತಪ್ಪು ಹಿಡಿಯುವ ಸಾಧನಗಳು ಬಂದಮೇಲೆ ಚಿತ್ರ ಬದಲಾಯಿತು. ಅವುಗಳಲ್ಲೊಂದಾದ ಫ್ಯಾನ್‌ ಅನ್ನು ಆರಂಭಿಸಿದವರು ಲೆರ್ಡಾರ್ಫ್ ಅವರೇ. ವಿಮಿಯೋ ಸಂಸ್ಥೆಯ ಸಾಮ್ ಎಂಬ ಸಾಧನ ಮತ್ತು ಒಂದ್ರೇ ಮಿರ್ಟೆಸ್ ಅವರ ಪಿಎಚ್‌ಪಿಸ್ಟ್ಯಾನ್ 2016ರಲ್ಲಿ ಹೊರಬಂದವು. ಪಿಎಚ್‌ಪಿಸ್ಟ್ಯಾನ್ ಆರ್ಗ್ಯುಮೆಂಟ್‌ಗಳ ಟೈಪ್ ನೋಡುವುದು ತಪಾಸಣೆಯ ಹಂತ 5ರಿಂದ. ಮಾಕ್‌ಗಳ ಟೈಪ್ ಅದಕ್ಕೆ ಸರಿಯಾಗಿ ತಿಳಿಯಲು ಪಿಎಚ್‌ಪಿಯುನಿಟ್ ವಿಸ್ತರಣೆಯೂ ಬೇಕು. ಟೆಸ್ಟ್ ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟರೆ ಇಷ್ಟೆಲ್ಲ ಇದ್ದೂ ವ್ಯರ್ಥ.

ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಕನ್ನಡ ವಿಕಿಪೀಡಿಯ. ಅದನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿಯದು. ಅದರ ಕೋಡ್ ಪಿಎಚ್‌ಪಿಯುನಿಟ್, ಫ್ಯಾನ್ ಎರಡರ ಪರೀಕ್ಷೆಗೂ ಒಳಗಾಗುತ್ತದೆ. ಅಂಕಿಗಳನ್ನು ಆಯಾ ಭಾಷೆಯ ರೂಪಕ್ಕೆ ತರುವ ಅದರ ‘ಫಾರ್ಮ್ಯಾಟ್‌ನಮ್’ಗೆ ಅಂಕಿಯಲ್ಲದ ಸ್ಟ್ರಿಂಗ್ ಕೊಡುವ ರೂಢಿಗೆ 1.36ನೇ ಆವೃತ್ತಿಯಿಂದ ಎಚ್ಚರಿಕೆ ಬೀಳತೊಡಗಿತು.