ಕೊಪ್ಪಳ ಜಿಲ್ಲೆಯಲ್ಲಿ ಯಾಂತ್ರೀಕರಣ ಮತ್ತು ದುಡಿಮೆ

ಕೊಪ್ಪಳ ಜಿಲ್ಲೆಯಲ್ಲಿ ಯಂತ್ರಗಳು ದುಡಿಮೆಯನ್ನು ಬದಲಿಸಿದ ಬಗೆ ಎಲ್ಲ ಕಡೆ ಒಂದೇ ಅಲ್ಲ. ಕಾಲುವೆ ನೀರು ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ದೊಡ್ಡ ಯಂತ್ರಗಳು ಮೊದಲು ಬಂದವು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯನ್ನು ಸಾವಿರಾರು ಕೂಲಿಕಾರರು ಕಲ್ಲು ಹೊತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದರು. 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಎಡದಂಡೆಯ ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪ್‌ಗಳನ್ನು ಕಟ್ಟಿಕೊಂಡರು. ನಾಟಿಗೂ ಕೊಯ್ಲಿಗೂ ಹೆಣ್ಣಾಳುಗಳ ಗುಂಪುಗಳೇ ಆಧಾರವಾದವು.

ಆ ಗುಂಪುಗಳು ಭತ್ತ ಕೊಯ್ದು, ಸಿವುಡು ಕಟ್ಟಿ, ಬಣವೆ ಒಟ್ಟುತ್ತಿದ್ದವು; ಒಕ್ಕಣೆ ಕಣದಲ್ಲಿ ನಡೆಯುತ್ತಿತ್ತು. ಈಗಿನ ಕಟಾವು ಯಂತ್ರ ಗದ್ದೆಗಿಳಿದರೆ ಕೊಯ್ಯುವುದು, ಕಾಳು ಬಿಡಿಸುವುದು, ತೂರುವುದು ಮೂರೂ ಅದರ ಹೊಟ್ಟೆಯಲ್ಲೇ ಮುಗಿಯುತ್ತವೆ. ಕೆಸರು ಗದ್ದೆಗೆ ಚೈನ್ ಮಷಿನ್, ಒಣಗಿದ ಗದ್ದೆಗೆ ಟೈರ್ ಮಷಿನ್. ಬಾಡಿಗೆ ಗಂಟೆ ಲೆಕ್ಕದಲ್ಲಿ. ಅಕಾಲ ಮಳೆಗೆ ತೆನೆ ನೆನೆಯುವ ಮುನ್ನ ಭತ್ತ ಮನೆ ಸೇರುವುದು ರೈತನಿಗೆ ನಿಜವಾದ ಲಾಭ. ಕೂಲಿ ಹೆಂಗಸರು ಮಾತ್ರ ಸುಗ್ಗಿಯ ಕೆಲಸವನ್ನೂ ಅದರೊಂದಿಗೆ ಬರುತ್ತಿದ್ದ ಕಾಳನ್ನೂ ಕಳೆದುಕೊಂಡರು. ದನಕರುಗಳಿಗೂ ಪೆಟ್ಟು ಬಿತ್ತು: ಯಂತ್ರ ಚೆಲ್ಲಿದ ಹುಲ್ಲನ್ನು ಪೆಂಡಿ ಕಟ್ಟಿಸದಿದ್ದರೆ ಅದು ಗದ್ದೆಯಲ್ಲೇ ಸುಟ್ಟುಹೋಗುತ್ತದೆ.

ನಾಟಿ ಯಂತ್ರ ಅಷ್ಟು ಬೇಗ ಹರಡಲಿಲ್ಲ. ಅದಕ್ಕೆ ಟ್ರೇಗಳಲ್ಲಿ ಒಂದೇ ಎತ್ತರಕ್ಕೆ ಬೆಳೆಸಿದ ಸಸಿ ಬೇಕು, ಹದವಾಗಿ ಮಟ್ಟ ಮಾಡಿದ ಗದ್ದೆ ಬೇಕು. ನಾಟಿಯನ್ನೇ ಬಿಟ್ಟು ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬಿತ್ತುವ ಕೂರಿಗೆ ಭತ್ತವೂ ಬಂದಿದೆ. ನೀರಿನ ಜೊತೆಗೆ ಆಳಿನ ಖರ್ಚೂ ಅದರಲ್ಲಿ ಉಳಿಯುತ್ತದೆ.

ಅಕ್ಕಿ ಗಿರಣಿಗಳಲ್ಲಿ ಯಂತ್ರ ಕೈಗೆ ಮಾತ್ರವಲ್ಲ, ಕಣ್ಣಿಗೂ ಬದಲಿಯಾಯಿತು. ಸಾರ್ಟೆಕ್ಸ್ ಯಂತ್ರದಲ್ಲಿ ಅಕ್ಕಿ ಜಾರುಹಲಗೆಯಿಂದ ಇಳಿಯುವಾಗ ಕ್ಯಾಮೆರಾಗಳು ಕಾಳು ಕಾಳನ್ನೂ ನೋಡುತ್ತವೆ. ಕಪ್ಪು ಕಾಳೋ ಕಲ್ಲೋ ಕಂಡರೆ ಗಾಳಿಯ ಸಣ್ಣ ಹೊಡೆತ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಮೊರ ಹಿಡಿದು ಕಣ್ಣಳತೆಯಲ್ಲಿ ಆರಿಸುತ್ತಿದ್ದ ಕೆಲಸ ಅದು. ಇಷ್ಟಾದರೂ ಚೀಲ ಹೊತ್ತು ಲಾರಿಗೆ ತುಂಬುವವರು ಹಮಾಲರೇ. ನಾಜೂಕಿನ ಕೆಲಸ ಯಂತ್ರಕ್ಕೆ ಹೋಗಿ ಬೆನ್ನು ಮುರಿಯುವ ಭಾರ ಮನುಷ್ಯನಿಗೆ ಉಳಿದದ್ದು ಅನ್ಯಾಯವೇ.

ಮಳೆ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಆಳಿನ ಕೆಲಸ ಕಸಿಯುವ ಯಂತ್ರಗಳನ್ನು ಸಾಧ್ಯವಾದಷ್ಟೂ ಬಳಸಬಾರದೆಂದು ವಿಧಿಸಿದ್ದು ಇಂಥವರಿಗೆ ನೆರವಾಗಲೆಂದೇ.

ಹೊಲದಾಚೆ ಕರಕುಶಲದಲ್ಲೂ ಕೈ ಮತ್ತು ಯಂತ್ರ ಎದುರುಬದುರಾಗಿವೆ. ಕಿನ್ನಾಳದ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಬೊಂಬೆಗೆ ರೂಪ ಕೊಟ್ಟವರು. ಅದೇ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಕಾರ್ಖಾನೆಯ ಪ್ಲಾಸ್ಟಿಕ್ ಆಟಿಕೆ ಅಚ್ಚುಯಂತ್ರದಿಂದ ಒಂದರಂತೆ ಒಂದು ಹೊರಬರುತ್ತದೆ. ಕಿನ್ನಾಳದ ಎರಡು ಗೊಂಬೆಗಳ ಮುಖ ಒಂದೇ ಇರುವುದಿಲ್ಲ.

ಮತ್ತೆ ಹೊಲಕ್ಕೆ ಬಂದರೆ, ಔಷಧಿ ಸಿಂಪಡಣೆಗೆ ಈಗ ಡ್ರೋನ್ ಬಂದಿದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನನ್ನೂ ಅದನ್ನು ಹಾರಿಸುವ ತರಬೇತಿಯನ್ನೂ ಕೊಡುವ ಗುರಿ ಇಟ್ಟುಕೊಂಡಿದೆ. ಗಂಗಾವತಿಯ ಗದ್ದೆಗಳಲ್ಲಿ ನಾಟಿ, ಕಟಾವು ಯಂತ್ರಗಳ ಒಡೆತನವೂ ಚಾಲನೆಯೂ ಹೀಗೆಯೇ ಕೂಲಿ ಹೆಂಗಸರ ಸಂಘಗಳಿಗೆ ಸಿಗಬೇಕು.