ಗುಮ್ಮಟದ ಪಿಸುಮಾತು, ಫೋನಿನ ಗುಟ್ಟು

ಟಿಕೋಟಾ, ಬಬಲೇಶ್ವರದಿಂದ ವಿಜಯಪುರಕ್ಕೆ ಪ್ರವಾಸ ಬಂದ ಶಾಲಾ ಮಕ್ಕಳು ಗೋಳಗುಮ್ಮಟ ಹತ್ತಿದೊಡನೆ ಮಾಡುವ ಮೊದಲ ಕೆಲಸ ಕೂಗುವುದು. ಬೆರಗಿರುವುದು ಕೂಗಿನಲ್ಲಲ್ಲ, ಪಿಸುಮಾತಿನಲ್ಲಿ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಈ ಗೋರಿಯಲ್ಲಿ, ಗುಮ್ಮಟದ ಬುಡದ ಗೋಡೆಗೆ ಬಾಯಿಟ್ಟು ಉಸುರಿದ್ದು ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಸದ್ದು ಬಾಗಿದ ಗೋಡೆಗುಂಟ ಸಾಗುತ್ತದೆ. ಇಂಥ ಗುಮ್ಮಟಗಳ ಬಗ್ಗೆ ಸಿ.ವಿ. ರಾಮನ್ 1922ರಲ್ಲಿ ಬರೆದರು. ದಾರಿ ತಿಳಿಯದವನಿಗೆ ಅದು ಮನಸ್ಸು ಓದಿದಂತೆಯೇ!

ಮನಸ್ಸು ಓದುವ ಜಾದೂವೂ ಹೀಗೇ, ಕಾಣದ ದಾರಿಯ ಆಟ. ಪ್ಯಾರಿಸಿನ ರಾಬರ್ಟ್ ಹೂಡಿನ್ 1846ರಲ್ಲಿ ಮಗನ ಕಣ್ಣಿಗೆ ಬಟ್ಟೆ ಕಟ್ಟಿ, ಪ್ರೇಕ್ಷಕರ ಕೈಯಲ್ಲಿನ ವಸ್ತುಗಳನ್ನು ಹೇಳಿಸುತ್ತಿದ್ದ. ಪ್ರಶ್ನೆಯ ಮಾತುಗಳಲ್ಲೇ ಉತ್ತರದ ಸಂಕೇತ ಅಡಗಿರುತ್ತಿತ್ತು. ಈಗ ಆ ಕೆಲಸ ಸ್ಮಾರ್ಟ್‌ಫೋನಿನದು. ಹುಡುಕಾಟದ ಪುಟವೆಂದು ನಂಬಿ ಪ್ರೇಕ್ಷಕ ನೆಚ್ಚಿನ ನಟನ ಹೆಸರು ಟೈಪಿಸುತ್ತಾನೆ. ಅದು ಜಾದೂಗಾರನ ಫೋನಿಗೆ ಆಗಲೇ ತಲುಪಿರುತ್ತದೆ.

ಜಾದೂಗಾರನೇನೋ ಆಟವೆಂದು ಒಪ್ಪುತ್ತಾನೆ. ಅದೇ ಫೋನ್ ಹಿಡಿದವನೊಬ್ಬ ದಿವ್ಯದೃಷ್ಟಿ ಎಂದರೆ? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ, ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಪರೀಕ್ಷೆ ನಡೆಯಲೇ ಇಲ್ಲ.